ಗೊಬ್ಬರದ ಅಂಗಳದಲ್ಲಿ ಮಳೆಯ ದಾರಿ

ಮಳೆಗೆ ಋತುವೆಂಬ ಕಟ್ಟುಪಾಡು ಸಿಂಗಪುರದಲ್ಲಿಲ್ಲ. ಈಶಾನ್ಯ ಮಾರುತ ಡಿಸೆಂಬರಿನಲ್ಲಿ ದಿನಗಟ್ಟಲೆ ಸುರಿಸಿದರೆ, ನೈಋತ್ಯ ಮಾರುತದ ತಿಂಗಳುಗಳಲ್ಲಿ ಸುಮಾತ್ರದ ಕಡೆಯ ಬಿರುಮಳೆ ಬೆಳಗಿನ ಜಾವವೇ ಬಂದೆರಗುತ್ತದೆ; ವರ್ಷಕ್ಕೆ ಸುಮಾರು 2,400 ಮಿಲಿಮೀಟರು ಬೀಳುವ ಇಂತಹ ನೆಲದಲ್ಲಿ ಕಸದಿಂದ ಗೊಬ್ಬರ ಮಾಡಹೊರಟವನಿಗೆ ಮಳೆಯ ದಾರಿಯನ್ನು ನಿರ್ಣಯಿಸುವುದೇ ಪ್ರಥಮ ಕರ್ತವ್ಯವಾಗುತ್ತದೆ.

ನಾನು ಇಂಜಿನಿಯರನಾಗಿ ಈ ದ್ವೀಪಕ್ಕೆ ಬಂದುದು ಎಂಬತ್ತರ ದಶಕದ ನಡುವಿನಲ್ಲಿ. 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಅವರ ಆಣತಿಯಂತೆ ಮೊದಲಾದ ಸಿಂಗಪುರ ನದಿಯ ಶುದ್ಧೀಕರಣ ಆಗ ಕೊನೆಯ ಹಂತದಲ್ಲಿದ್ದಿತು. ಜಲಾನಯನದ ಹಂದಿಸಾಕಣೆ, ಬಾತುಸಾಕಣೆಗಳನ್ನು ತೆರವು ಮಾಡಿಸಿ 1987ರಲ್ಲಿ ಆ ಕಾರ್ಯವನ್ನು ಪೂರೈಸಿದರು. ಆದರೂ ನಮ್ಮ ವೃತ್ತಿಯಲ್ಲಿ ಮಳೆನೀರೆಂದರೆ ಪ್ರವಾಹದ ಬೀಜವೆಂಬ ಭಾವನೆಯೇ ಪ್ರಬಲವಾಗಿದ್ದು, ಬಿದ್ದ ನೀರನ್ನು ಕಾಂಕ್ರೀಟು ಕಾಲುವೆಗಳ ಮೂಲಕ ಎಷ್ಟು ಶೀಘ್ರವಾಗಿ ಸಮುದ್ರ ಸೇರಿಸಿದರೆ ಅಷ್ಟು ಕೌಶಲವೆಂದು ಎಣಿಸುತ್ತಿದ್ದೆವು.

ಆ ಮೊದಲ ವರ್ಷಗಳಲ್ಲಿ ನಾನು ಕಂಡ ಗೊಬ್ಬರದ ಅಂಗಳವೊಂದರಲ್ಲಿ, ರಸ್ತೆಬದಿಯ ಮರಗಳಿಂದ ಕಡಿದ ರೆಂಬೆ, ಎಲೆ, ಹುಲ್ಲುಗಳನ್ನು ಚೂರುಮಾಡಿ ಉದ್ದುದ್ದ ರಾಶಿಗಳಾಗಿ ಒಟ್ಟುತ್ತಿದ್ದರು. ನೆಲ ಬರಿಯ ಮಣ್ಣು. ಬೇಲಿಯ ಬದಿಗೊಂದು ಕಾಲುವೆ. ರಾಶಿಗಳು ಇಳಿಜಾರಿಗೆ ಅಡ್ಡಲಾಗಿದ್ದುದರಿಂದ ನೀರು ಅವುಗಳ ಬುಡದಲ್ಲಿ ಮಡುಗಟ್ಟಿ, ಒಳಗಿನ ಗಾಳಿ ಉಡುಗಿ, ಕಾವು ಆರಿ, ದುರ್ಗಂಧವೇಳುತ್ತಿತ್ತು. ಹೊರಗೆ ಹರಿದ ನೀರಾದರೋ ಕಷಾಯದಂತೆ ಕಂದುಬಣ್ಣದ್ದು. ಅದು ಜಲಾಶಯವನ್ನು ಸೇರಿದರೆ ಅದರಲ್ಲಿನ ಸಾವಯವ ದ್ರವ್ಯ ನೀರಿನ ಆಮ್ಲಜನಕವನ್ನು ಹೀರುವುದು. ಸಾರಜನಕ ರಂಜಕಗಳು ಪಾಚಿಯನ್ನು ಪೋಷಿಸುವುವು.

ಬದಲಾವಣೆ ಮೆಲ್ಲನೆ ಬಂದಿತು. 2006ರಲ್ಲಿ ಇಲ್ಲಿಯ ಜಲಮಂಡಳಿಯಾದ ಪಿಯುಬಿ, ಕಾಲುವೆಗಳನ್ನು ಸಜೀವ ಹೊಳೆಕೆರೆಗಳಾಗಿಸುವ ಎಬಿಸಿ ವಾಟರ್ಸ್ ಯೋಜನೆಯನ್ನು ಹೂಡಿತು. 2008ರಲ್ಲಿ ಮೆರೀನಾ ಅಡ್ಡಗಟ್ಟೆ ತೆರೆಯಿತು. 2011ರಲ್ಲಿ ಪುಂಗೋಲ್, ಸೆರಂಗೂನ್ ಜಲಾಶಯಗಳೂ ಕೂಡಿ ದ್ವೀಪದ ಮೂರರಲ್ಲಿ ಎರಡು ಪಾಲು ನೆಲ ಕುಡಿಯುವ ನೀರಿನ ಜಲಾನಯನವಾಯಿತು. ಬೀದಿಯ ಮೋರಿಯ ಮಳೆನೀರೇ ಶುದ್ಧಗೊಂಡು ನಾಳೆ ನಲ್ಲಿಗೆ ಬರುವ ಊರಿನಲ್ಲಿ, ಕಾಲುವೆ ಎಷ್ಟು ಅಗಲವಿರಬೇಕೆಂಬ ಪ್ರಶ್ನೆಗೆ ಮೊದಲೇ, ಈ ನೀರು ಏನನ್ನು ಮುಟ್ಟಿ ಬಂದಿದೆಯೆಂಬ ಪ್ರಶ್ನೆಯನ್ನು ನಾವು ಕೇಳತೊಡಗಿದೆವು.

ಅಂದಿನಿಂದ ನಾವು ರಚಿಸಿದ ಗೊಬ್ಬರದ ಅಂಗಳಗಳ ನಕ್ಷೆಗಳ ಮೂಲತತ್ತ್ವ ಒಂದೇ: ನಿರ್ಮಲವಾದ ನೀರು ಮಲಿನವಾದ ನೀರಿನೊಡನೆ ಬೆರೆಯಕೂಡದು. ಮೇಲಿನ ನೆಲದಿಂದ ಹರಿದುಬರುವ ಮಳೆಯನ್ನು ಬದುಕಟ್ಟಿ ಪಕ್ಕಕ್ಕೆ ತಿರುಗಿಸಿದೆವು. ಹೊಸ ರಾಶಿಗಳ ಮೇಲೂ ಪಕ್ವವಾದ ಗೊಬ್ಬರದ ಮೇಲೂ ಚಾವಣಿ ಹಾಕಿ, ಚಾವಣಿಯ ನೀರಿಗೆ ಬೇರೆ ಕೊಳವೆ ಇಟ್ಟೆವು. ಜಲ ಇಂಗದ ಕಾಂಕ್ರೀಟು ನೆಲಕ್ಕೆ ನೂರಕ್ಕೆ ಎರಡರಷ್ಟು ಓಟ ಕೊಟ್ಟು, ರಾಶಿಗಳನ್ನು ಇಳಿಜಾರಿನ ದಿಕ್ಕಿಗೇ ಸಾಲಿಟ್ಟೆವು. ಒಸರಿದ ರಸವನ್ನು ಗುಂಡಿಯಲ್ಲಿ ಹಿಡಿದು, ಇನ್ನೂ ಕಾಯುತ್ತಿರುವ ಎಳೆಯ ರಾಶಿಗೇ ಮರಳಿ ಉಣಿಸಿದೆವು. ಪಕ್ವವಾದುದಕ್ಕೆ ಮಾತ್ರ ರೋಗಾಣುಗಳ ಭಯದಿಂದ ಎಂದೂ ಸಿಂಪಡಿಸಲಿಲ್ಲ. ಮಿಕ್ಕ ರಸ ಒಳಚರಂಡಿಗೆ. ಮಳೆಯ ಮೋರಿಗೆ ಅದರ ತೊಟ್ಟೂ ಇಲ್ಲ. 2014ರಿಂದ 0.2 ಹೆಕ್ಟೇರು ಅಥವಾ ಅದನ್ನು ಮೀರಿದ ಹೊಸ ನಿವೇಶನಗಳು ಮಳೆಯ ರಭಸವನ್ನು ತಮ್ಮಲ್ಲೇ ತಡೆದು ನಿಧಾನವಾಗಿ ಬಿಡಬೇಕೆಂಬ ನಿಯಮವೂ ಬಂದುದರಿಂದ, ತಂಗುಗುಂಡಿ ಪ್ರತಿಯೊಂದು ನಕ್ಷೆಯ ಅಂಗವಾಯಿತು.

ಬೆರೆತ ಮೇಲೆ ಬೇರ್ಪಡಿಸುವುದು ಎಂತಹ ಪ್ರಯಾಸವೆಂಬುದಕ್ಕೆ ಲೊರೊಂಗ್ ಹಾಲುಸ್ ಸಾಕ್ಷಿ. 1999ರಲ್ಲಿ ಮುಚ್ಚಿದ ಆ ಕಸದ ನೆಲದ ಪಕ್ಕದಲ್ಲೇ ಸೆರಂಗೂನ್ ಜಲಾಶಯ ಬಂದಾಗ, ಭೂಗರ್ಭದಲ್ಲಿ ತಡೆಗೋಡೆ ಇಳಿಸಿ, ಒಸರುವ ಕೊಳೆನೀರನ್ನು ಸೆಳೆದು, ಜೊಂಡಿನ ಪಾತಿಗಳ ಮೂಲಕ ಹಾಯಿಸಿ ತಿಳಿಗೊಳಿಸಬೇಕಾಯಿತು. ಆ ಜೊಂಡುಗಳ ನಡುವೆ ನಡೆದಾಡಿದಾಗಲೆಲ್ಲ, ಮೊದಲೇ ಮಾಡಿದ್ದರೆ ಸುಲಭವಾಗಿದ್ದ ಕೆಲಸ ತಡವಾದಾಗ ಎಷ್ಟು ದುರ್ಭರವಾಗುವುದೆಂದು ನನಗೆ ಮನವರಿಕೆಯಾಗಿದೆ.

ಗೊಬ್ಬರದ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. 1939ರಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ, ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ ಮಣ್ಣಿನಿಂದ ಮುಚ್ಚುವ ಕ್ರಮ ಇಂದಿಗೂ ಬೆಂಗಳೂರು ವಿಧಾನವೆಂದೇ ಲೋಕದಲ್ಲಿ ಪ್ರಸಿದ್ಧವಾಗಿದೆ. ಆದಕಾರಣ ನಾಡಿನ ಬಂಧುಗಳಲ್ಲಿ ನನ್ನದೊಂದು ವಿನಂತಿ: ನಿಮ್ಮ ಊರಿಗೆ ಗೊಬ್ಬರದ ಘಟಕ ಬರುವುದಾದರೆ ಸಂತೋಷದಿಂದ ಬರಮಾಡಿಕೊಳ್ಳಿರಿ, ಆದರೆ ಯಂತ್ರದ ಬೆಲೆಯನ್ನು ಕೇಳುವ ಮುನ್ನ, ಅದರ ಅಂಗಳದ ಇಳಿಜಾರು ಯಾವ ಕೆರೆಯ ಕಡೆಗಿದೆಯೆಂದು ಕೇಳಿರಿ.