ಅಣ್ಣನ ಕೈ, ಯಂತ್ರದ ಕೈ

ವಿದ್ಯುಚ್ಛಕ್ತಿಯ ವಿಷಯವಾಗಿ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಹೇಳುವವನು. ಮನೆಯಲ್ಲಿ ದೀಪ ಹೋದರೆ ನನ್ನ ಪಾಲಿನ ಕೆಲಸವೆಂದರೆ ಬೀದಿಯ ಬಾಗಿಲು ತೆರೆದು, ಎದುರುಮನೆಯಲ್ಲಿ ದೀಪವಿದೆಯೇ ಇಲ್ಲವೇ ಎಂದು ನೋಡಿ ಬಂದು ವರದಿ ಒಪ್ಪಿಸುವುದು. ಅಲ್ಲಿಯೂ ಹೋಗಿದ್ದರೆ ನೆಮ್ಮದಿ. ಅಲ್ಲಿ ಉರಿಯುತ್ತಿದ್ದರೆ ನನ್ನ ಹೆಂಡತಿ ಮೀಟರಿನ ಪಕ್ಕದ ಪೆಟ್ಟಿಗೆ ತೆರೆದು, ಕೆಳಗೆ ಬಿದ್ದ ಗುಂಡಿಯನ್ನು ಮೇಲಕ್ಕೆತ್ತುತ್ತಾಳೆ. ನಾನು ಟಾರ್ಚು ಹಿಡಿಯುತ್ತೇನೆ. ಇಂಥವನು ಈಗ ಯಂತ್ರಗಳ ಮಾತು ತೆಗೆದಿರುವುದಕ್ಕೆ ಕಾರಣ ಒಂದು ನಲ್ಲಿ.

ನಲ್ಲಿಯೆಂದರೆ ನೀರು ಬರುವ ನಲ್ಲಿಯೇ. ನನ್ನ ಅಣ್ಣನ ಮಗ ಅದನ್ನು ಒಂದು ಸಂಜೆ ಕಾಗದದಲ್ಲಿ ಸುತ್ತಿಕೊಂಡು ಮನೆಗೆ ತಂದ. ಅವನು ಡಿಪ್ಲೊಮಾ ಓದಿ, ಸಣ್ಣ ಕಾರ್ಖಾನೆಗಳಿಗೆ ರೋಬಾಟುಗಳನ್ನು ಅಳವಡಿಸಿಕೊಡುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದಾನೆ. ರೋಬಾಟು ಎಂದೊಡನೆ ಕಣ್ಣು ಮಿಟುಕಿಸುವ ಲೋಹದ ಮನುಷ್ಯನನ್ನು ಕಲ್ಪಿಸಿಕೊಳ್ಳಬೇಡಿ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಕಾರ್ಖಾನೆಯ ರೋಬಾಟಿಗೆ ತಲೆಯಿಲ್ಲ, ಕಾಲಿಲ್ಲ. ಇರುವುದು ನೆಲಕ್ಕೆ ನೆಟ್ಟ ಒಂದು ಕೈ ಮಾತ್ರ. ಭುಜ, ಮೊಣಕೈ, ಮಣಿಕಟ್ಟು, ಅಷ್ಟೆ. ಆ ಕೈ ನಲ್ಲಿಯನ್ನು ಹಿಡಿದು ತಿರುಗುವ ಚಕ್ರಕ್ಕೆ ಒತ್ತಿ ಹೊಳಪು ಕೊಡಬೇಕು. ಕೊಟ್ಟಿತ್ತು. ಆದರೆ ನಲ್ಲಿಯ ಕತ್ತು ಬಾಗುವ ಕಡೆ ಒಂದು ಸಣ್ಣ ಅಲೆಯಂಥ ಗುರುತು ಉಳಿಯುತ್ತಿತ್ತು. ಎರಡು ವಾರ ಹೆಣಗಿದ್ದರೂ ಹುಡುಗನಿಗೆ ಅದು ಹೋಗಿರಲಿಲ್ಲ.

"ಅಪ್ಪ, ಒಂದು ಸಲ ನೋಡು" ಎಂದು ಅಣ್ಣನ ಕೈಯಲ್ಲಿಟ್ಟ.

ಅಣ್ಣ ಕನ್ನಡಕ ಹಾಕಿಕೊಳ್ಳಲಿಲ್ಲ. ಹೆಬ್ಬೆರಳನ್ನು ನಲ್ಲಿಯ ಬೆನ್ನಮೇಲೆ ಒಮ್ಮೆ ಎಳೆದ. "ಇಲ್ಲಿ ಕೈ ತಡೆದಿದೆ ಕಣೋ" ಎಂದ.

ಅಣ್ಣ ಇಪ್ಪತ್ತೆರಡು ವರ್ಷ ಪಾಲಿಷ್ ಕೆಲಸ ಮಾಡಿದವನು. ನಮ್ಮ ತಂದೆ 1987ರಲ್ಲಿ ತೀರಿಕೊಂಡಾಗ ನನಗೆ ಏಳು ವರ್ಷ, ಅವನಿಗೆ ಹತ್ತೊಂಬತ್ತು. ಕಾಮಾಕ್ಷಿಪಾಳ್ಯದ ಒಂದು ಷೆಡ್ಡಿನಲ್ಲಿ ಸ್ಟೀಲು ಪಾತ್ರೆಗಳಿಗೆ, ಪೈಪುಗಳಿಗೆ ಹೊಳಪು ಹಾಕುವ ಕೆಲಸಕ್ಕೆ ಸೇರಿದ. ಬಟ್ಟೆಯ ಪದರಗಳನ್ನು ಹೊಲಿದು ಮಾಡಿದ ಚಕ್ರ; ಅದನ್ನು ತಿರುಗಿಸಲು ಮೋಟಾರು; ಚಕ್ರಕ್ಕೆ ಆಗಾಗ ಒತ್ತಲು ಹಸಿರು ಬಣ್ಣದ ಪಾಲಿಷ್ ಸೋಪು. ಚಕ್ರ ತಿರುಗಿದಂತೆ ಬಟ್ಟೆಯ ಜುಂಗು, ಸೋಪಿನ ಹುಡಿ, ಲೋಹದ ಧೂಳು ಎಲ್ಲ ಸೇರಿ ಕರಿಯ ಮಂಜಿನಂತೆ ಏಳುತ್ತದೆ. ಮೂಗಿಗೆ ಕರ್ಚೀಫು ಕಟ್ಟಿಕೊಂಡರೆ ಕಣ್ಣು, ಹಲ್ಲು ಬಿಟ್ಟು ಉಳಿದದ್ದೆಲ್ಲ ಕಪ್ಪು. ಆ ಕಪ್ಪಿನೊಳಗಿಂದ ಕನ್ನಡಿಯಂಥ ಪಾತ್ರೆಗಳು ಹೊರಬಂದು ಮದುವೆಮನೆಗಳಿಗೆ ಹೋಗುತ್ತಿದ್ದವು. ನನ್ನ ಬಿ.ಎ., ನನ್ನ ಎಂ.ಎ. ಎರಡೂ ಅದೇ ಷೆಡ್ಡಿನಿಂದ ಹೊರಬಂದವು.

ಒಂದು ಮಾತು ಹೇಳಿಬಿಡುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಬಿ.ಎ. ಎರಡನೆಯ ವರ್ಷ ಫೀಜು ಕಟ್ಟುವ ಕಡೆಯ ದಿನ. ಅಣ್ಣ ಕೆಲಸದ ನಡುವೆಯೇ ಸೈಕಲ್ಲು ತುಳಿದುಕೊಂಡು ಕಾಲೇಜಿನ ಗೇಟಿಗೆ ಬಂದು ದುಡ್ಡು ಕೊಟ್ಟುಹೋದ. ಮುಖ ತೊಳೆಯಲು ಪುರಸೊತ್ತಾಗಿರಲಿಲ್ಲ. ಜೊತೆಗಿದ್ದ ಗೆಳೆಯ "ಯಾರೋ ಅದು?" ಎಂದ. ನಾನು "ನಮ್ಮ ಬೀದಿಯವರು" ಎಂದೆ. ಅಣ್ಣ ಅಷ್ಟು ಹೊತ್ತಿಗೆ ಸೈಕಲ್ಲು ಹತ್ತಿದ್ದ, ಕೇಳಿಸಿರಲಿಕ್ಕಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದೇ ನಂಬಿಕೊಂಡು ಬಂದಿದ್ದೇನೆ.

ನಲ್ಲಿ ಬಂದ ರಾತ್ರಿ ಹುಡುಗ ನನಗೆ ಒಂದು ಸಂಗತಿ ಹೇಳಿದ. "ಚಿಕ್ಕಪ್ಪ, ಈ ಜಾತಿಯ ರೋಬಾಟು ಮೊಟ್ಟಮೊದಲು ಮಾಡಿದ ಕೆಲಸ ಯಾವುದು ಗೊತ್ತೇ? ಅಪ್ಪ ಮಾಡುತ್ತಿದ್ದ ಕೆಲಸವೇ." ಆಮೇಲೆ ನಾನು ಹುಡುಕಿ ಓದಿದೆ. ಮೇಷ್ಟ್ರುಗಳಿಗೆ ಇರುವುದು ಅದೊಂದೇ ಚಟ.

ಸ್ವೀಡನ್ ದೇಶದಲ್ಲಿ ವೆಸ್ಟರೋಸ್ ಎಂಬ ಊರಿದೆ. ಅಲ್ಲಿನ ಕಂಪೆನಿಯೊಂದರ ಹೆಸರು ಆಸೆಯಾ. ಕನ್ನಡದ ಕಿವಿಗೆ ಯಾರೋ ಮುಖ ನೋಡಿ ಪ್ರಶ್ನೆ ಕೇಳಿದಂತಿದೆ. ಅದು ಅವರ ಭಾಷೆಯ ಉದ್ದನೆಯ ಹೆಸರಿನ ಮೊದಲಕ್ಷರಗಳು, ಅಷ್ಟೆ. ಈ ಕಂಪೆನಿ 1974ರಲ್ಲಿ ಐ.ಆರ್.ಬಿ. 6 ಎಂಬ ರೋಬಾಟನ್ನು ಮಾರಾಟಕ್ಕೆ ತಂದಿತು. ಅಲ್ಲಿಯವರೆಗಿನ ಕಾರ್ಖಾನೆಯ ರೋಬಾಟುಗಳು ಬಹುಮಟ್ಟಿಗೆ ಎಣ್ಣೆಯ ಒತ್ತಡದಿಂದ ಕೈಯಾಡಿಸುವ ದಡೂತಿ ಪ್ರಾಣಿಗಳು. ಇದು ಪೂರ್ತಿ ವಿದ್ಯುತ್ ಮೋಟಾರುಗಳಿಂದಲೇ ನಡೆಯುವಂಥದು. ಬೆರಳ ಉಗುರಿನಷ್ಟು ಚಿಪ್ಪೊಂದು, ಮೈಕ್ರೊಪ್ರೊಸೆಸರು, ಅದಕ್ಕೆ ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಂಡು ನಡೆಸುತ್ತಿತ್ತು. ಅದು ಎತ್ತಬಲ್ಲ ಭಾರ 6 ಕಿಲೋ. ಇದನ್ನು ಮೊದಲು ಕೊಂಡವರು ಯಾವ ಮೋಟಾರುಕಾರಿನ ದೊಡ್ಡ ಕಾರ್ಖಾನೆಯವರೂ ಅಲ್ಲ. ದಕ್ಷಿಣ ಸ್ವೀಡನ್ನಿನ ಗೆನಾರ್ಪ್ ಎಂಬ ಪುಟ್ಟ ಊರಿನಲ್ಲಿ ಮ್ಯಾಗ್ನುಸ್ಸನ್ ಎಂಬ ಹೆಸರಿನ ಒಂದು ಚಿಕ್ಕ ಕಾರ್ಖಾನೆ. ಕೆಲಸ, ಬಾಗಿದ ಸ್ಟೀಲು ಪೈಪುಗಳಿಗೆ ಹೊಳಪು ಹಾಕುವುದು. ಹದಿಮೂರು ವರ್ಷದ ತರುವಾಯ ನನ್ನ ಅಣ್ಣ ಕಾಮಾಕ್ಷಿಪಾಳ್ಯದಲ್ಲಿ ಕೈಯಿಟ್ಟದ್ದು ಇದೇ ಬಾಗಿದ ಪೈಪುಗಳ ಮೇಲೆ. ಆ ಕೆಲಸ ಮನುಷ್ಯನದಲ್ಲವೆಂದು ಲೋಕದ ಇನ್ನೊಂದು ಮೂಲೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಸುದ್ದಿ ನಮ್ಮ ಷೆಡ್ಡಿಗೆ ಮುಟ್ಟಿರಲಿಲ್ಲ.

ಇದನ್ನು ಓದಿದಾಗ ನನಗೆ ಆ ಕಂಪೆನಿಯ ಮೇಲೆ ಕೋಪ ಬಂತೋ ಕೃತಜ್ಞತೆ ಬಂತೋ ಹೇಳಲಾರೆ. ಕೋಪಕ್ಕೆ ಇನ್ನೊಂದು ತೊಡಕೂ ಇತ್ತು. ಅಣ್ಣನಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅನ್ನ ಕೊಟ್ಟ ಮೋಟಾರಿನ ವಂಶಾವಳಿಯಲ್ಲೂ ಅದೇ ಮನೆತನದ ಹೆಸರು ಬರುತ್ತದೆ.

ಆ ಮೋಟಾರು ನಡೆಯುವುದು 'ತ್ರೀ ಫೇಸ್' ಕರೆಂಟಿನಿಂದ. ಇದನ್ನು ನನಗೆ ತಿಳಿಸಿಕೊಡಲು ಹುಡುಗ ಮೂರು ಸೊನ್ನೆ, ಮೂರು ಅಲೆ ಬರೆದು ಸೋತ. ಕೊನೆಗೆ ಅತ್ತಿಗೆ, ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದವರು, "ಮೂರು ಜನ ಒಂದೇ ಒರಳಿಗೆ ಒನಕೆ ಹಾಕುವುದಿಲ್ಲವೇ, ಹಾಗೇನೋ?" ಎಂದರು. ಹುಡುಗ ಬೆರಗಾಗಿ ಹೌದೆಂದ. ಒಬ್ಬಳೇ ಕುಟ್ಟಿದರೆ ಒನಕೆ ಮೇಲೆದ್ದ ಹೊತ್ತು ಒರಳು ಸುಮ್ಮನಿರುತ್ತದೆ. ಮೂವರು ಸರದಿಯಂತೆ ಹಾಕಿದರೆ ಏಟು ಎಡೆಬಿಡದೆ ಬೀಳುತ್ತದೆ. ಮೂರು ತಂತಿಗಳಲ್ಲಿ ಮೂರು ಪ್ರವಾಹಗಳು ಹೀಗೆ ಒಂದರ ಹಿಂದೆ ಒಂದು ಏರಿಳಿದು ಬಂದಾಗ ಮೋಟಾರಿನೊಳಗೆ ಅಯಸ್ಕಾಂತದ ಬಲವೇ ಸುತ್ತತೊಡಗುತ್ತದೆ; ನಡುವಿನ ಉರುಳೆ ಅದನ್ನು ಹಿಂಬಾಲಿಸಿ ತಿರುಗುತ್ತದೆ. ಯಾರೂ ತಳ್ಳಿ ಚಾಲೂ ಮಾಡಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ಕಂಡವರು ಒಬ್ಬಿಬ್ಬರಲ್ಲ. ಟೆಸ್ಲಾ ಇದ್ದ, ಜರ್ಮನಿಯಲ್ಲಿ ದೊಲಿವೊ-ದೊಬ್ರೊವೊಲ್ಸ್ಕಿ ಇದ್ದ. ಸ್ವೀಡನ್ನಿನಲ್ಲಿ ಯೋನಾಸ್ ವೆನ್‌ಸ್ಟ್ರೋಮ್. ಯೋನಾಸನದು ಯಂತ್ರದ ತಲೆ; ವ್ಯವಹಾರ ನೋಡಿಕೊಂಡವನು ಅವನ ಸಹೋದರ ಯೋರಾನ್. 1883ರಲ್ಲಿ ಸ್ಟಾಕ್‌ಹೋಮಿನಲ್ಲಿ ಲುಡ್ವಿಗ್ ಫ್ರೆಡ್‌ಹೋಮ್ ಕಟ್ಟಿದ ಕಂಪೆನಿಯೂ ಯೋರಾನನ ಕಂಪೆನಿಯೂ 1890ರಲ್ಲಿ ಕೂಡಿ ಆಸೆಯಾ ಆಯಿತು. 1893ರಲ್ಲಿ ಅವರು ಹೆಲ್‌ಶೋನ್ ಎಂಬಲ್ಲಿ ನೀರಿನಿಂದ ವಿದ್ಯುತ್ತನ್ನು ತೆಗೆದು ಗ್ರೆಂಗೆಸ್‌ಬರ್ಗಿನ ಕಬ್ಬಿಣದ ಗಣಿಗೆ ಮೂರು ತಂತಿಗಳ ಮೇಲೆ ಒಯ್ದರು. ಆ ವರ್ಷದ ಕೊನೆಯಲ್ಲೇ ಯೋನಾಸ್ ತೀರಿಕೊಂಡ, ವಯಸ್ಸು 38.

ನೀರಿನಿಂದ ಗಣಿಗೆ ಎಂದೊಡನೆ ನಿಮಗೆ ನಮ್ಮ ಶಿವನಸಮುದ್ರ ನೆನಪಾಗಿರಬೇಕು. ಒಂಬತ್ತು ವರ್ಷ ಕಳೆದು, 1902ರಲ್ಲಿ, ಕಾವೇರಿ ಅಲ್ಲಿಂದ ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಹೋದಳು. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ; ಮೊದಲು ಚಿನ್ನ, ಆಮೇಲೆ ಮನುಷ್ಯ. ಅಲ್ಲಿನ ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವು. ಆಸೆಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ಒಂದೇ ಲಾವಣಿಯನ್ನು ಎರಡು ಊರಿನವರು ಹಾಡಿದಂತೆ ಕೇಳುತ್ತದೆ.

ಆಸೆಯಾ ಇನ್ನೂ ಅನೇಕ ಕೆಲಸ ಮಾಡಿತು. ದೂರದ ಸಮುದ್ರದಡಿಯ ಕೇಬಲ್ಲಿನಲ್ಲಿ ಎ.ಸಿ. ಪ್ರವಾಹವನ್ನು ಕಳಿಸಿದರೆ ಅದು ಕ್ಷಣಕ್ಷಣಕ್ಕೂ ಕೇಬಲ್ಲನ್ನೇ ತುಂಬುತ್ತ ಬಸಿಯುತ್ತ ದಣಿದುಹೋಗುತ್ತದೆ. ಅದಕ್ಕಾಗಿ ಉನೊ ಲಾಮ್ ಎಂಬ ಇಂಜಿನಿಯರು ಎ.ಸಿ.ಯನ್ನು ಡಿ.ಸಿ. ಮಾಡಿ ಕಳಿಸುವ ಪಾದರಸದ ಕವಾಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ. 1954ರಲ್ಲಿ ಗಾಟ್ಲೆಂಡ್ ದ್ವೀಪಕ್ಕೆ ಸುಮಾರು ನೂರು ಕಿಲೋಮೀಟರು ಕಡಲಡಿಯಲ್ಲಿ 20 ಮೆಗಾವಾಟು ಮುಟ್ಟಿತು. ಇದೇ ತತ್ತ್ವದ ತಂತಿಯೊಂದು 2003ರಲ್ಲಿ ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ ಬಂದಿದೆ. ಕಟ್ಟಿದವರು ಬೇರೆ ಕಂಪೆನಿಯವರು. ಅದು ಬರುವ ಹೊತ್ತಿಗೆ ಚಿನ್ನದ ಗಣಿ ಮುಚ್ಚಿ ಎರಡು ವರ್ಷವಾಗಿತ್ತು.

1988ರಲ್ಲಿ ಆಸೆಯಾ, ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಕಂಪೆನಿಯೊಡನೆ ಕೂಡಿ ಎ.ಬಿ.ಬಿ. ಆಯಿತು. ನಮ್ಮ ಪೀಣ್ಯದಲ್ಲಿಯೂ ಅದರ ಕಾರ್ಖಾನೆಯುಂಟು. ಕಂಪೆನಿಗಳ ಮನೆವಾರ್ತೆ ನಮಗೆ ತಿಳಿಯುವಂಥದಲ್ಲ. ವಿದ್ಯುತ್ತನ್ನು ದೂರ ಸಾಗಿಸುವ ವಿಭಾಗದ ಬಹುಪಾಲನ್ನು 2020ರಲ್ಲಿ ಜಪಾನಿನ ಹಿಟಾಚಿಗೆ ಕೊಟ್ಟರು. ರೋಬಾಟಿನ ವಿಭಾಗವನ್ನೂ ಜಪಾನಿನದೇ ಸಾಫ್ಟ್‌ಬ್ಯಾಂಕಿಗೆ ಮಾರಲು ಒಪ್ಪಿರುವುದಾಗಿ 2025ರ ಅಕ್ಟೋಬರಿನಲ್ಲಿ ಸಾರಿದರು. ಹೆತ್ತು ಸಾಕಿದ ಹೆಣ್ಣುಮಕ್ಕಳಿಬ್ಬರನ್ನೂ ಒಂದೇ ಊರಿಗೆ ಕೊಟ್ಟಂತಾಯಿತು ಎಂದು ಅತ್ತಿಗೆ ಹೇಳಿದರು.

ಅಣ್ಣನ ಕೆಲಸ ಹೋದದ್ದು ರೋಬಾಟಿನಿಂದಲ್ಲ. ಅದನ್ನು ಸ್ಪಷ್ಟಮಾಡಬೇಕು. 2009ರಲ್ಲಿ ಅವನ ಉಸಿರು ಕಟ್ಟತೊಡಗಿತು. ಒಂದು ಮಹಡಿ ಹತ್ತಿದರೆ ಕೂಡಬೇಕು. ಷೆಡ್ಡಿನ ಮಾಲೀಕರು ಎರಡು ತಿಂಗಳ ಸಂಬಳ ಕೈಯಲ್ಲಿಟ್ಟು ಕಳಿಸಿದರು. ಆ ಜಾಗಕ್ಕೆ ಬಂದದ್ದು ಯಂತ್ರವಲ್ಲ, ಹತ್ತೊಂಬತ್ತು ವರ್ಷದ ಇನ್ನೊಬ್ಬ ಹುಡುಗ. ಯಂತ್ರ ದುಬಾರಿ, ಹುಡುಗರು ಅಗ್ಗ. 'ರೋಬಾಟು' ಎಂಬ ಮಾತನ್ನು ಲೋಕಕ್ಕೆ ಕೊಟ್ಟವನು ಜೆಕ್ ಲೇಖಕ ಕಾರೆಲ್ ಚಾಪೆಕ್, 1920ರ ತನ್ನ ನಾಟಕದಲ್ಲಿ. ಆ ಮಾತನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಅವರ ನುಡಿಯಲ್ಲಿ 'ರೋಬೊತಾ' ಎಂದರೆ ಬಿಟ್ಟಿಚಾಕರಿ. ಕನ್ನಡದ ಮೇಷ್ಟ್ರಾದ ನನಗೆ ಈ ವ್ಯುತ್ಪತ್ತಿ ತಿಳಿದು ಬಹಳ ವರ್ಷವಾಗಿತ್ತು. ಪಾಠ ಹೇಳುವಾಗ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಆಗ ಅಣ್ಣನ ನೆನಪು ಬಂದಿರಲಿಲ್ಲ.

ಮುಂದಿನ ಭಾನುವಾರ ಹುಡುಗ ತಂದೆಯನ್ನು ಕರೆದುಕೊಂಡು ಹೊರಟ. ಜೊತೆಗೆ ನಾನೂ ಹೋದೆ. ಷೆಡ್ಡು ಚೊಕ್ಕಟವಾಗಿತ್ತು. ಬಲೆಬೇಲಿಯೊಳಗೆ ಆ ಕೈ. ಅದರ ಮೇಲೆ ಧೂಳು ಹೀರುವ ದಪ್ಪ ಕೊಳವೆ. ಅಣ್ಣ ಮೊದಲು ನೋಡಿದ್ದು ಕೈಯನ್ನಲ್ಲ, ಆ ಕೊಳವೆಯನ್ನು. ಬಹಳ ಹೊತ್ತು ನೋಡಿದ. "ಇದನ್ನು ಆಗಲೇ ಹಾಕಬಹುದಾಗಿತ್ತು" ಎಂದ. ಯಾರೂ ಮಾತಾಡಲಿಲ್ಲ.

ಕೈ ನಲ್ಲಿಯನ್ನೆತ್ತಿ ಚಕ್ರಕ್ಕೊಡ್ಡಿತು. ಅಣ್ಣ ಕಣ್ಣು ಮುಚ್ಚಿಕೊಂಡು ಶಬ್ದ ಕೇಳುತ್ತ ನಿಂತ. ನನಗೆ ಎಲ್ಲ ಒಂದೇ ಮೊರೆತ. "ಈಗ... ಈಗ ತಡೆಯಿತು. ತಿರುವಿಗೆ ಬಂದಾಗ ಅದು ನಿಂತು ಯೋಚನೆ ಮಾಡುತ್ತೆ ಕಣೋ. ಅಲ್ಲಿ ನಿಲ್ಲಬಾರದು. ತಿರುವು ಬರುವ ಮೊದಲೇ ಕೈ ಹಗುರ ಮಾಡಬೇಕು, ಮಣಿಕಟ್ಟು ಮುಂಚೆ ಹೊರಳಬೇಕು, ಮೊಣಕೈ ಆಮೇಲೆ." ಹುಡುಗ ಕೈಯಲ್ಲಿನ ಗುಂಡಿಗಳ ಹಲಗೆ ಹಿಡಿದು, ಬಿಂದು ಬಿಂದುವಾಗಿ ದಾರಿ ತಿದ್ದಿದ. ಈ ಕೆಲಸಕ್ಕೆ ಅವರು 'ಪಾಠ ಹೇಳುವುದು' ಎಂದೇ ಅನ್ನುವರಂತೆ. ಅಣ್ಣ ಗಾಳಿಯಲ್ಲಿ ಬರಿಗೈ ಆಡಿಸಿ ತೋರಿಸುವನು. ಹುಡುಗ ಅದನ್ನು ಅಂಕಿಗಳಾಗಿ ಒತ್ತುವನು. ಬಲೆಯೊಳಗಿನ ಕೈ ಸಾವಕಾಶವಾಗಿ ಅದನ್ನೇ ಆಡುವುದು. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವ ನನಗೆ ಇಂಥ ಶಿಷ್ಯ ಒಬ್ಬನೂ ಸಿಕ್ಕಿಲ್ಲ.

ಆರನೆಯದೋ ಏಳನೆಯದೋ ನಲ್ಲಿಗೆ ಗುರುತು ಹೋಯಿತು. ಅಣ್ಣ ಹೆಬ್ಬೆರಳಾಡಿಸಿ ತಲೆದೂಗಿದ. ಆ ಕಾರ್ಖಾನೆಯ ಯಜಮಾನರು ಅಷ್ಟರಲ್ಲಿ ಬಂದು, ಹೊಸಬನ್ನೂ ಅವನ ಜೊತೆಯವರನ್ನೂ ನೋಡಿ, ಹುಡುಗನನ್ನು "ಯಾರಪ್ಪ ಇವರೆಲ್ಲ?" ಎಂದು ಕೇಳಿದರು. ಹುಡುಗ ಬಾಯಿ ತೆರೆಯುವುದರೊಳಗೆ ನಾನು ಹೇಳಿದೆ: "ಇವರು ನಮ್ಮ ಅಣ್ಣ. ಪಾಲಿಷರು." ನನ್ನ ದನಿ ಆ ಷೆಡ್ಡಿಗೆ ಬೇಕಾದುದಕ್ಕಿಂತ ಸ್ವಲ್ಪ ಜೋರಾಗಿತ್ತು.

ಅಣ್ಣ ನನ್ನ ಕಡೆ ನೋಡಲಿಲ್ಲ. "ಹೊತ್ತಾಯಿತು, ಹೊರಡೋಣ" ಎಂದು ಬಾಗಿಲ ಬಳಿಯ ನೀರಿನ ತೊಟ್ಟಿಗೆ ಹೋದ. ಅಂದು ಅವನು ಯಾವ ಸೋಪನ್ನೂ ಚಕ್ರವನ್ನೂ ಮುಟ್ಟಿರಲಿಲ್ಲ. ಕೈಗಳು ಬೆಳ್ಳಗೇ ಇದ್ದವು. ಆದರೂ ತೋಳು ಮಡಿಸಿಕೊಂಡು ಮೊಣಕೈವರೆಗೆ ಉಜ್ಜಿ ತೊಳೆದ. ಆಮೇಲೆ ಮುಖ, ಕಿವಿಯ ಹಿಂದೆ, ಕತ್ತು. ನಾನು ಅವನ ಕನ್ನಡಕ ಹಿಡಿದುಕೊಂಡು ನಿಂತಿದ್ದೆ.