ಕೊಟೇಶನ್ನಿನಲ್ಲಿ ಇಲ್ಲದ ಮಳೆ

ಮೇಸ್ತ್ರಿ ಬರೆದುಕೊಟ್ಟ ಕೊಟೇಶನ್ನಿನಲ್ಲಿ ಹದಿನೇಳು ಸಾಲುಗಳಿದ್ದವು. ಬಚ್ಚಲುಮನೆಗೆ ಜಾರದ ಟೈಲ್ಸ್, ಗೋಡೆಗೆ ಹಿಡಿಕೆ, ಅಡುಗೆಮನೆಗೆ ಕಪಾಟು, ಎರಡು ವಾರ್ಡ್‌ರೋಬು. ಒಟ್ಟು 4,80,000 ರೂಪಾಯಿ, ಅರ್ಧ ಮುಂಗಡ. ಡಿಸೆಂಬರ್ 31ಕ್ಕೆ ಮುಗಿಸದಿದ್ದರೆ ದಿನಕ್ಕೆ 1,000 ಕಡಿತ. ಮಳೆ ಬಂದರೆ ಏನು ಎಂಬ ಸಾಲು ಮಾತ್ರ ಇರಲಿಲ್ಲ. ಚೆನ್ನೈಯ ವೇಳಚೇರಿಯಲ್ಲಿ, ಅದೂ 2015ರ ಡಿಸೆಂಬರಿನ ನೆರೆ ಕಂಡ ಬೀದಿಯಲ್ಲಿ! ನಾನು ನೋಡಿದ ಇಂಥ ಯಾವ ಕಾಗದದಲ್ಲೂ ಅದು ಇರುವುದಿಲ್ಲ ಬಿಡಿ.

ದೀಪಾವಳಿ ಕಳೆದ ಮೇಲೆ ಮನೆ ಕೆಲಸ ಹಿಡಿಯುವುದು ನಮ್ಮ ತೀರ್ಥಹಳ್ಳಿ ಕಡೆಯ ಲೆಕ್ಕ. ಇಲ್ಲಿ ಹಾಗಲ್ಲ, ಹಿಂಗಾರು ಮಳೆ ಡಿಸೆಂಬರ್‌ವರೆಗೂ ಕಾಯುತ್ತಿರುತ್ತದೆ. ಆದರೆ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಅಕ್ಟೋಬರಿನಲ್ಲಿ. ಊರಿನ ಮನೆಯ ಬಚ್ಚಲು ಅಂಗಳದಾಚೆ. ಆಪರೇಷನ್ ಆದ ಮೇಲೆ ಅವಳು ಶಿವಮೊಗ್ಗದಲ್ಲಿ ತಂಗಿಯ ಮನೆಯಲ್ಲಿದ್ದಳು. ತಂಗಿಗೆ ಫೆಬ್ರವರಿಯಲ್ಲಿ ಹೆರಿಗೆ. "ಸಂಕ್ರಾಂತಿವರೆಗೆ ನಾನು ನೋಡ್ಕೋತೀನಿ ಅಕ್ಕ, ಆಮೇಲೆ ನನ್ನ ಕೈಲಾಗಲ್ಲ" ಎಂದಿದ್ದಳು. ಮೂರನೇ ಮಹಡಿಯ ನಮ್ಮ ಫ್ಲ್ಯಾಟನ್ನು ಒಡೆಸಿ ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಇದ್ದದ್ದು ಅದಕ್ಕಾಗಿ.

ಎಂಟಡಿಯ ಪ್ಲೈವುಡ್ ಹಲಗೆ ಲಿಫ್ಟಿನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಕೊಯ್ಯುವ ಕೆಲಸವೆಲ್ಲ ಕೆಳಗಿನ ಪಾರ್ಕಿಂಗಿನಲ್ಲಿ. 2023ರ ಡಿಸೆಂಬರ್ 2, ಶನಿವಾರ, ವಾಹನಗಳನ್ನು ಎತ್ತರದ ಜಾಗಕ್ಕೆ ಒಯ್ಯಿರಿ ಎಂದು ಕಟ್ಟಡದ ಸಂಘದಿಂದ ಮೆಸೇಜ್ ಬಂತು. ಅದನ್ನು ಮೇಸ್ತ್ರಿಗೆ ಕಳಿಸಿದೆ. ಇಟ್ಟಿಗೆ ಜೋಡಿಸಿ ಎಲ್ಲವನ್ನೂ ಒಂದಡಿ ಎತ್ತರಕ್ಕೆ ಇಟ್ಟಿದ್ದೇವೆ ಎಂದು ವಾಯ್ಸ್ ಮೆಸೇಜ್ ಹಾಕಿದರು. ಭಾನುವಾರ ರಾತ್ರಿ ಹಿಡಿದ ಮಳೆ ಸೋಮವಾರವೆಲ್ಲ ಹೊಡೆಯಿತು. ವಿಮಾನ ನಿಲ್ದಾಣವೇ ಮುಚ್ಚಿತು. ಮಿಚಾಂಗ್ ಚಂಡಮಾರುತ ನೆಲ ಮುಟ್ಟಿದ್ದು ಮಂಗಳವಾರ, ಆಂಧ್ರದ ಬಾಪಟ್ಲದ ಹತ್ತಿರ. ಅಷ್ಟರಲ್ಲಿ ನಮ್ಮ ಪಾರ್ಕಿಂಗಿನಲ್ಲಿ ಎರಡೂವರೆ ಅಡಿ ನೀರು.

ನಾಲ್ಕು ದಿನ ಕರೆಂಟಿಲ್ಲ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಬಳಿದು ಆಗಿತ್ತು. ಇನ್ನು ನೀರು ಕಟ್ಟಿ ನಿಲ್ಲಿಸಿ ಸೋರುತ್ತದೆಯೇ ಎಂದು ಎರಡು ದಿನ ನೋಡಬೇಕಿತ್ತು. ಊರೆಲ್ಲ ನೀರು, ಪಂಪು ಓಡದೆ ನಮ್ಮ ಬಚ್ಚಲಿಗೆ ಮಾತ್ರ ನೀರಿಲ್ಲ.

ನೀರು ಇಳಿದ ಮೇಲೆ ಇಳಿದು ಹೋಗಿ ಒಂದೊಂದನ್ನೂ ಫೋಟೊ ತೆಗೆದೆ. ಅಡುಗೆಮನೆಗೆಂದು ತಂದಿದ್ದ ಐಎಸ್ 710 ಗುರುತಿನ ಮರೈನ್ ಪ್ಲೈಗೆ ಏನೂ ಆಗಿರಲಿಲ್ಲ. 72 ಗಂಟೆ ಕುದಿಸುವ ಪರೀಕ್ಷೆ ದಾಟಬೇಕಾದ ಹಲಗೆ ಅದು, ನೆರಳಲ್ಲಿ ನಿಲ್ಲಿಸಿ ಒಣಗಿಸಿದರೆ ಸಾಕಾಯಿತು. ವಾರ್ಡ್‌ರೋಬಿನ ಸಾಧಾರಣ ಪ್ಲೈ ಆರು ಹಲಗೆ ನೆನೆಸಿದ ಅವಲಕ್ಕಿಯ ಹಾಗೆ ಉಬ್ಬಿದ್ದವು. ಸಿಮೆಂಟು ಎಂಟು ಚೀಲ ಕಲ್ಲು. ಟೈಲ್ಸಿನ ರಟ್ಟು ಕರಗಿತ್ತು, ಟೈಲ್ಸ್ ಗಟ್ಟಿಯಾಗಿದ್ದವು.

ಮೇಸ್ತ್ರಿ ದೆಂಕಣಿಕೋಟೆಯವರು. ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತವೆ. ಆ ದಿನ ಶುದ್ಧ ಕನ್ನಡದಲ್ಲೇ ಹೇಳಿದರು: "ಅಕ್ಕಾ, ಮಳೆ ದೇವ್ರುದು, ಮಾಲು ನಿಮ್ದು. ನೀವು ಕೊಟ್ಟ ಅಡ್ವಾನ್ಸಲ್ಲೇ ತಂದಿದ್ದು."

ಪಕ್ಕದ ಫ್ಲ್ಯಾಟಿನವರು ದಿನಕ್ಕೆ ಸಾವಿರ ಹಿಡಿಯಿರಿ, ಬಿಡಬೇಡಿ ಎಂದರು. ಆಫೀಸಿನಲ್ಲಿ ಕಾನೂನು ವಿಭಾಗದ ಗೆಳತಿ ಇಬ್ಬರ ಆಸೆಗೂ ತಣ್ಣೀರು ಎರಚಿದಳು. 1872ರ ಕರಾರು ಕಾಯ್ದೆಯ 56ನೇ ಕಲಂ ಇರುವುದು ಕೆಲಸ ಅಸಾಧ್ಯವಾದಾಗ. ಇಲ್ಲಿ ತಡವಾಗಿದೆ ಅಷ್ಟೆ, ಆದ್ದರಿಂದ ಮೇಸ್ತ್ರಿ ಕೈಬಿಟ್ಟು ಹೋಗುವಂತಿಲ್ಲ. ಹಾಗೆಯೇ 74ನೇ ಕಲಮಿನ ಪ್ರಕಾರ ಕಾಗದದಲ್ಲಿ ಬರೆದ ದಂಡವೆಂದರೆ ಗರಿಷ್ಠ ಮಿತಿ, ಸಿಗುವುದು ನ್ಯಾಯವೆನಿಸುವಷ್ಟು ಪರಿಹಾರ ಮಾತ್ರ. "ಇಷ್ಟು ದುಡ್ಡಿಗೆ ಕೋರ್ಟಿಗೆ ಹೋಗ್ತೀಯಾ? ಕೂತು ಮಾತಾಡು" ಎಂದಳು.

ಕೂತೆವು. ನಷ್ಟವನ್ನು ಒಂದೇ ಗಂಟಾಗಿ ನೋಡಿದರೆ ಜಗಳ ಮುಗಿಯುವುದಿಲ್ಲ ಎನ್ನುವುದು ಅರ್ಧ ಗಂಟೆಯಲ್ಲಿ ಇಬ್ಬರಿಗೂ ತಿಳಿಯಿತು. ದಿನ ಬೇರೆ, ಮಾಲು ಬೇರೆ, ರೇಟು ಬೇರೆ. ಕೊಟೇಶನ್ನಿನಲ್ಲಿ ಪ್ಲೈ ಕೆಲಸ 'ಮಾಲು ಸಮೇತ' ಎಂದಿತ್ತು. ಗೋಡೆಗೆ ಹತ್ತುವವರೆಗೆ ಅದು ಅವರದ್ದು, ಉಬ್ಬಿದ ಆರು ಹಲಗೆ ಅವರ ಲೆಕ್ಕಕ್ಕೆ. ಸಿಮೆಂಟು ನಾನೇ ಅಂಗಡಿಯಲ್ಲಿ ದುಡ್ಡು ಕಟ್ಟಿ ತರಿಸಿದ್ದು, ಅದು ನನ್ನ ಲೆಕ್ಕಕ್ಕೆ. ಕೂಲಿಯವರು ಸಿಗುತ್ತಿಲ್ಲ, ಒಟ್ಟು ಮೊತ್ತ ಏರಿಸಿ ಎಂದರು. ಒಪ್ಪಲಿಲ್ಲ. ದಿನಗಳ ವಿಷಯದಲ್ಲಿ ನಾನು ಸಡಿಲಿಸಿದೆ. ಬಚ್ಚಲುಮನೆ ಮೊದಲು, ಜನವರಿ 10ರೊಳಗೆ. ಅದು ತಪ್ಪಿದರೆ ಸಾವಿರದ ಲೆಕ್ಕ ಶುರು. ಅಡುಗೆಮನೆ, ವಾರ್ಡ್‌ರೋಬು ಫೆಬ್ರವರಿ ಮಧ್ಯದವರೆಗೆ ದಂಡವಿಲ್ಲದೆ ನಡೆಯಲಿ. ಅಮ್ಮನಿಗೆ ಬೇಕಿದ್ದದ್ದು ಬಚ್ಚಲು, ಕಪಾಟಲ್ಲ.

ಹೇಳಲು ಕಷ್ಟವಾಗುವುದು ಇದರ ಮುಂದಿನದು. ಪಳ್ಳಿಕರಣೆಯಲ್ಲಿದ್ದ ಅವರ ಮನೆಗೂ ನೀರು ನುಗ್ಗಿತ್ತು. ಕಟರ್, ಡ್ರಿಲ್ ಎಲ್ಲ ಮುಳುಗಿದ್ದವು. ಹೊಸ ಹಲಗೆ ತರಲು ಕೈಯಲ್ಲಿ ಕಾಸಿರಲಿಲ್ಲ. ಮುಂದಿನ ಕಂತಿನಿಂದ 15,000 ಮೊದಲೇ ಕೊಡುತ್ತೇನೆ, ಕೊನೆಯಲ್ಲಿ ಮುರಿದುಕೊಳ್ಳುತ್ತೇನೆ ಎಂದೆ. ಎಲ್ಲವನ್ನೂ ಹಾಳೆಯಲ್ಲಿ ಬರೆದು ಸಹಿ ಕೇಳಿದೆ. ಅವರ ಪ್ಯಾಂಟಿನ ಅಂಚಿನಲ್ಲಿ ಇನ್ನೂ ಕೆಸರಿತ್ತು. "ನಂಬಿಕೆ ಇಲ್ವಾ ಅಕ್ಕಾ?" ಎಂದು ಕೇಳಿಯೇ ಸಹಿ ಹಾಕಿದರು. ಇದ್ದದ್ದರಿಂದಲೇ ಬರೆಸಿದೆ, ಆ ಕ್ಷಣ ಅದನ್ನು ವಿವರಿಸಲು ನಾಲಿಗೆ ಏಳಲಿಲ್ಲ.

ಬಿಹಾರದ ಇಬ್ಬರು ಹುಡುಗರು ತಮ್ಮ ಶೆಡ್ ಮುಳುಗಿದಾಗ ಒಡೆದಿಟ್ಟ ನಮ್ಮ ಫ್ಲ್ಯಾಟಿನಲ್ಲೇ ಮೂರು ರಾತ್ರಿ ಮಲಗಿದ್ದರು. ಆಮೇಲೆ ಸರ್ಕಾರ ರೇಷನ್ ಅಂಗಡಿಗಳ ಮೂಲಕ 6,000 ರೂಪಾಯಿ ಹಂಚಿತು. ಅವರ ಹತ್ತಿರ ಇಲ್ಲಿನ ಕಾರ್ಡಿರಲಿಲ್ಲ. ಕೆಲಸ ನಿಂತ ದಿನಗಳ ಕೂಲಿ ನನ್ನದೂ ಅಲ್ಲ, ಮೇಸ್ತ್ರಿಯದೂ ಅಲ್ಲ ಎಂಬಂತಿತ್ತು ನಮ್ಮ ಹಾಳೆ. ಕೊನೆಗೆ ಅರ್ಧ ಅರ್ಧ ಎಂದು ಅಂಚಿನಲ್ಲಿ ಬರೆದೆವು.

ಬಚ್ಚಲು ಜನವರಿ 9ಕ್ಕೆ ಆಯಿತು. ಅಮ್ಮ ಬಂದಾಗ ಅಡುಗೆಮನೆಯ ಕಪಾಟುಗಳಿಗೆ ಬಾಗಿಲಿರಲಿಲ್ಲ. "ಡಬ್ಬಿ ಎಲ್ಲಿದೆ ಅಂತ ಹುಡುಕೋದು ತಪ್ತು" ಎಂದಳು. ಬಾಗಿಲು ಕೂತದ್ದು ಫೆಬ್ರವರಿ 11ಕ್ಕೆ. ಕೊನೆಯ ಕಂತಿನಲ್ಲಿ 15,000 ಮುರಿದುಕೊಂಡೆ. ಮೇಸ್ತ್ರಿ ಎರಡು ಸಲ ಎಣಿಸಿ ಜೇಬಿಗೆ ಹಾಕಿಕೊಂಡರು.