ಸೇವ್ ಆಯ್ತಾ, ನಿಜವಾಗ್ಲೂ?

ಬ್ರೌಸರ್‌ಗೆ ನಮ್ಮ ಹಾರ್ಡ್ ಡಿಸ್ಕ್ ಮೇಲೆ ತನ್ನಿಷ್ಟಕ್ಕೆ ಬರೆಯೋ ಹಕ್ಕಿಲ್ಲ. ಇದು ಒಳ್ಳೇದೇ. ಇಲ್ಲದಿದ್ರೆ ಯಾವ ವೆಬ್ ಪೇಜ್ ಬೇಕಾದ್ರೂ ನಮ್ಮ ಫೋಲ್ಡರ್‌ಗೆ ಕೈ ಹಾಕಬಹುದಿತ್ತು. ಆದರೆ ಟಿಡ್ಲಿವಿಕಿ ಬಳಸೋರಿಗೆ ಈ ಒಳ್ಳೇದೇ ತಲೆನೋವು.

ಗೊತ್ತಿಲ್ಲದವರಿಗೆ ಎರಡು ಮಾತು. ಜೆರೆಮಿ ರಸ್ಟನ್ ಅನ್ನೋರು 2004ರಲ್ಲಿ ಶುರು ಮಾಡಿದ ಪರ್ಸನಲ್ ವಿಕಿ ಇದು. ಇಡೀ ವಿಕಿ ಒಂದೇ ಒಂದು ಎಚ್‌ಟಿಎಂಎಲ್ ಫೈಲ್. ನೋಟ್ಸ್ ಅದರೊಳಗೇ, ಎಡಿಟರ್ ಅದರೊಳಗೇ, ಹುಡುಕೋ ಕೋಡೂ ಅದರೊಳಗೇ. ಪ್ರತಿ ತುಣುಕು ಬರಹಕ್ಕೆ ಟಿಡ್ಲರ್ ಅಂತ ಹೆಸರು. ಇಂಗ್ಲಿಷಲ್ಲಿ ಹಾಗಂದ್ರೆ ಪುಟ್ಟ ಮೀನು. ನನಗಂತೂ ಆ ಹೆಸರು ಕೇಳಿದಾಗೆಲ್ಲ ನಮ್ಮ 'ತಿದ್ದು' ನೆನಪಾಗುತ್ತೆ. ಮಾಡೋ ಕೆಲಸವೂ ಅದೇ.

ನನ್ನ ವಿಕಿಯಲ್ಲಿ ಸಿಲಬಸ್ ಇಲ್ಲ, ಮೂರು ತಾಲ್ಲೂಕುಗಳ ಮಾತಿದೆ. ಅಜ್ಜನ ಮನೆ ಅಜ್ಜಂಪುರ, ಸೋದರಮಾವನ ತೋಟ ತರೀಕೆರೆ, ದೊಡ್ಡಮ್ಮನ ಮನೆ ಕಡೂರು. ನಕ್ಷೆಯಲ್ಲಿ ಮೂರೂ ಪಕ್ಕಪಕ್ಕ, ಮಾತು ಮಾತ್ರ ಬೇರೆ ಬೇರೆ. ತರೀಕೆರೆಯಲ್ಲಿ ಅಡಿಕೆ: ಚೇಣಿ, ರಾಶಿ, ಬೆಟ್ಟೆ, ಗೊರಬಲು. ಕಡೂರಲ್ಲಿ ತೆಂಗು: ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಕೂತು ಒಣಗಿದ ಕಾಯಿ ಹೇಗೆ ಉಂಡೆ ಕೊಬ್ಬರಿ ಆಗುತ್ತೆ ಅನ್ನೋದರಿಂದ ಹಿಡಿದು ಗಿಟುಕಿನವರೆಗೆ. ಅಜ್ಜಂಪುರದಲ್ಲಿ ದನ. ಅಲ್ಲಿ ಅಮೃತ್ ಮಹಲ್ ತಳಿಯ ಕೇಂದ್ರ ಇದೆ. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಇಟ್ಟ ಹೆಸರು ಅಮೃತ್ ಮಹಲ್. ಆ ದನಗಳಿಗೆ ಬಿಟ್ಟ ಹುಲ್ಲುಗಾವಲೇ ಕಾವಲು. ಅಜ್ಜ ಚಿಕ್ಕಂದಿನಿಂದ ದನದ ಹಿಂದೇ ಬೆಳೆದವರು. ಬಾಯಿ ತೆರೆದು ನೋಡಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, 'ಬಾಯಿಗೂಡೈತೆ' ಅಂತ ವಯಸ್ಸು ಹೇಳ್ತಾರೆ. ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿದ ನನಗೆ ಈ ಪದಗಳಲ್ಲಿ ಮುಕ್ಕಾಲು ಪಾಲು ಹೊಸವು.

ಅಜ್ಜ ಒಂದು ವಿಷಯವನ್ನ ಒಂದೇ ಸಲ ಚೆನ್ನಾಗಿ ಹೇಳೋದು. ಎರಡನೇ ಸಲ ಕೇಳಿದ್ರೆ, 'ಅವತ್ತೇ ಹೇಳಿದ್ನಲ್ಲೋ, ಬರ್ಕಣ್ಲಿಲ್ವಾ?' ಅಂತಾರೆ. ಈ ವರ್ಷ ಅವರ ಮಾತಲ್ಲಿ ಹೆಸರುಗಳು ಬಿಟ್ಟು ಹೋಗ್ತಿವೆ. ಎತ್ತಿನ ಬಣ್ಣ ನೆನಪಿರುತ್ತೆ, ಯಾರ ಮನೆ ಎತ್ತು ಅನ್ನೋದು ಬರಲ್ಲ. ಅದಕ್ಕೇ ಸೇವ್ ಅನ್ನೋದು ನನಗೆ ಸಣ್ಣ ವಿಷಯ ಅಲ್ಲ.

ಈಗ ಕೆಲಸದ ಮಾತು. ಟಿಡ್ಲಿವಿಕಿಯಲ್ಲಿ ಬರೆದು ಮುಗಿಸಿ ಟಿಕ್ ಗುರುತು ಒತ್ತಿದರೆ ಬರಹ ಬ್ರೌಸರ್‌ನ ಮೆಮೊರಿಯಲ್ಲಿ ಕೂತಿರುತ್ತೆ, ಅಷ್ಟೇ. ಫೈಲ್‌ಗೆ ಇನ್ನೂ ಹೋಗಿಲ್ಲ. ಮೇಲಿನ ಸೇವ್ ಬಟನ್ ಕೆಂಪಗಾಗೋದು ಅದನ್ನ ಹೇಳೋಕೆ. ಆ ಕೆಂಪು ಬಟನ್ ಒತ್ತಿದಾಗಲೂ ಬ್ರೌಸರ್ ಹಳೇ ಫೈಲನ್ನ ತಿದ್ದಲ್ಲ, ತಿದ್ದೋ ಹಾಗಿಲ್ಲವಲ್ಲ. ಹೊಸ ಪ್ರತಿಯೊಂದನ್ನ ಡೌನ್‌ಲೋಡ್ ಮಾಡುತ್ತೆ. ಹೆಸರಿನ ಮುಂದೆ 1, ಆಮೇಲೆ 2, ಆಮೇಲೆ 3. ನನ್ನ ರೂಮ್‌ಮೇಟ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹೀಗೆ ಹದಿನಾಲ್ಕು ವಿಕಿಗಳಿದ್ದವು. ಬುಕ್‌ಮಾರ್ಕ್ ಮಾತ್ರ ಮೊದಲನೇದಕ್ಕೇ ಇತ್ತು. ಆಟೋಸೇವ್ ಆನ್ ಇದ್ದರೂ ಈ ಡೌನ್‌ಲೋಡ್ ದಾರಿಯಲ್ಲಿ ಅದು ಕೆಲಸ ಮಾಡಲ್ಲ, ಪ್ರತಿ ಸಲ ಕೈಯಲ್ಲೇ ಒತ್ತಬೇಕು.

ಮೊದಲು ಹೀಗಿರಲಿಲ್ಲ. ಫೈರ್‌ಫಾಕ್ಸ್‌ಗೆ ಟಿಡ್ಲಿಫಾಕ್ಸ್ ಅಂತ ಒಂದು ಎಕ್ಸ್‌ಟೆನ್ಶನ್ ಇತ್ತು, ಅದೇ ಫೈಲಿನ ಮೇಲೇ ಬರೀತಿತ್ತು. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಬಂದು ಹಳೇ ಥರದ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ನಿಲ್ಲಿಸಿತು, ಇದೂ ಹೋಯ್ತು. ಸೇಫ್ಟಿ ದೃಷ್ಟಿಯಿಂದ ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ನಾನು ಲ್ಯಾಪ್‌ಟಾಪಲ್ಲಿ ಮಾಡೋದು ಇಷ್ಟು. ನೋಡ್ ಜೆಎಸ್ ಹಾಕಿ, ಟಿಡ್ಲಿವಿಕಿಯನ್ನ ಪುಟ್ಟ ಸರ್ವರ್ ಥರ ಓಡಿಸ್ತೀನಿ. ಬ್ರೌಸರಲ್ಲಿ 127.0.0.1, ಪೋರ್ಟ್ 8080. ಈಗ ಡಿಸ್ಕಿಗೆ ಬರೆಯೋದು ಬ್ರೌಸರ್ ಅಲ್ಲ, ನೋಡ್. ಅದಕ್ಕೆ ಆ ಹಕ್ಕಿದೆ. ಪ್ರತಿ ಟಿಡ್ಲರ್ ಫೋಲ್ಡರಲ್ಲಿ ಬೇರೆ ಬೇರೆ ಸಣ್ಣ ಟೆಕ್ಸ್ಟ್ ಫೈಲ್ ಆಗುತ್ತೆ, ಟಿಕ್ ಒತ್ತಿದ ಸ್ವಲ್ಪ ಹೊತ್ತಿಗೇ. ಇಂಟರ್ನೆಟ್ ಬೇಕಾಗಿಲ್ಲ. ಅಜ್ಜನ ಮನೆಯ ಒಳಕೋಣೆಯಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಹಬ್ಬ, ಹಾಗಾಗಿ ನನಗೆ ಇದೇ ಮುಖ್ಯ. ಸೇವ್ ಬಟನ್ ಬದಲು ಮೋಡದ ಚಿತ್ರ ಇರುತ್ತೆ. ಅದು ಕೆಂಪಗೇ ನಿಂತಿದ್ರೆ ಟರ್ಮಿನಲ್ ಮುಚ್ಚಿಹೋಗಿದೆ ಅಂತ ಅರ್ಥ, ಟ್ಯಾಬ್ ಮುಚ್ಚಬೇಡಿ, ಮೊದಲು ಸರ್ವರ್ ಎಬ್ಬಿಸಿ.

ಸಣ್ಣ ಟೆಕ್ಸ್ಟ್ ಫೈಲ್ ಆಗಿರೋದರಿಂದ ಗಿಟ್ ಚೆನ್ನಾಗಿ ಒಗ್ಗುತ್ತೆ. ಯಾವ ದಿನ ಯಾವ ಸಾಲು ಬದಲಾಯ್ತು ಅಂತ ಕಾಣುತ್ತೆ. ಅಜ್ಜ ಒಂದು ಎತ್ತನ್ನ ಮಾರ್ಚಲ್ಲಿ 'ಕೆಂದ' ಅಂದಿದ್ದರು, ಮೇನಲ್ಲಿ 'ಮಾಸ' ಅಂದರು. ಎರಡೂ ಉಳಿದಿವೆ. ಯಾವುದು ಸರಿ ಅಂತ ತೀರ್ಮಾನಿಸೋನು ನಾನಲ್ಲ.

ಫೋನಲ್ಲಿ ಬೇರೆ ದಾರಿ. ಆಂಡ್ರಾಯ್ಡ್‌ಗೆ ಟಿಡ್ಲಾಯ್ಡ್ ಅನ್ನೋ ಆ್ಯಪ್ ಇದೆ, ಒಂದೇ ಫೈಲಿನ ವಿಕಿಯನ್ನ ತೆರೆದು ಅದೇ ಫೈಲಿಗೆ ಉಳಿಸುತ್ತೆ. ಕಡೂರಲ್ಲಿ ದೊಡ್ಡಮ್ಮ ಅಡುಗೆ ಮಾಡ್ತಾ ಹೇಳೋದನ್ನ ಅದರಲ್ಲಿ ಬರ್ಕೊಂಡು, ರಾತ್ರಿ ಆ ಟಿಡ್ಲರ್‌ಗಳನ್ನ ಲ್ಯಾಪ್‌ಟಾಪ್‌ಗೆ ಎಳೆದು ಹಾಕ್ತೀನಿ. ಎರಡು ಕಡೆ ಒಂದೇ ಟಿಡ್ಲರ್ ತಿದ್ದಲ್ಲ. ಒಂದೇ ಫೈಲನ್ನ ಎರಡು ಟ್ಯಾಬಲ್ಲಿ ತೆರೆಯೋದೂ ಬೇಡ, ಕೊನೆಗೆ ಸೇವ್ ಮಾಡಿದ್ದೇ ಗೆಲ್ಲುತ್ತೆ, ಇನ್ನೊಂದು ಸದ್ದಿಲ್ಲದೆ ಅಳಿಸಿಹೋಗುತ್ತೆ.

ಯಾವ ದಾರಿ ಹಿಡಿದ್ರೂ ನಂಬೋ ಮುಂಚೆ ಒಂದು ಪರೀಕ್ಷೆ. ಹೊಸ ಟಿಡ್ಲರ್‌ನಲ್ಲಿ ಈಗಿನ ಟೈಮ್ ಬರೀರಿ, ಸೇವ್ ಮಾಡಿ, ಬ್ರೌಸರ್ ಪೂರ್ತಿ ಮುಚ್ಚಿ. ಫೋಲ್ಡರ್‌ಗೆ ಹೋಗಿ ಫೈಲಿನ ಸಮಯ ನೋಡಿ. ಆಮೇಲೆ ಬೇರೆ ಬ್ರೌಸರಲ್ಲಿ ತೆರೀರಿ. ಬರೆದದ್ದು ಕಂಡರೆ ಮಾತ್ರ ಸೇವ್ ಆಗಿದೆ. 'ಸೇವ್ಡ್' ಅಂತ ಸೂಚನೆ ಬಂತು ಅನ್ನೋದು ಸಾಕ್ಷಿ ಅಲ್ಲ.

ಅಜ್ಜನಿಗೆ ಇದೆಲ್ಲ ವಿವರಿಸಿದ್ದೆ. 'ನೋಟ್‌ಬುಕ್ಕಲ್ಲಿ ಬರ್ಕಳೋ, ಕರೆಂಟ್ ಹೋದ್ರೂ ಇರ್ತತೆ' ಅಂದ್ರು. ಮಾತು ಸುಳ್ಳಲ್ಲ. ತರೀಕೆರೆ ಹತ್ರ ಅಮೃತಾಪುರದ ದೇವಸ್ಥಾನದ ಶಾಸನ ಎಂಟುನೂರು ವರ್ಷದಿಂದ ಯಾವ ಬ್ಯಾಕಪ್ಪೂ ಇಲ್ಲದೆ ನಿಂತಿದೆ. ಆದರೆ ಅಜ್ಜನದೇ ಹಳೇ ಲೆಕ್ಕದ ಪುಸ್ತಕವನ್ನ ಗೆದ್ದಲು ತಿಂದಿತ್ತು. ಅದನ್ನ ನೆನಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರೆ ಎರಡ್ರಲ್ಲೂ ಬರ್ಕ' ಅಂದ್ರು.

ಈಗ ತಿಂಗಳಿಗೊಮ್ಮೆ ಹೊಸ ಟಿಡ್ಲರ್‌ಗಳನ್ನ ಕಾಲೇಜಿನ ಹತ್ರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಜ್ಜನಿಗೆ ಕೊಡ್ತೀನಿ. ದೊಡ್ಡ ಅಕ್ಷರ, ಒಂದು ಬದಿ ಮಾತ್ರ. ಹೋದ ಸಲ ಕೊಟ್ಟ ಹಾಳೆಗಳ ಅಂಚಲ್ಲಿ ಪೆನ್ಸಿಲಿನಿಂದ ಏನೇನೋ ಗೀಚಿದ್ದಾರಂತೆ, ಅತ್ತೆ ಫೋನಲ್ಲಿ ಹೇಳಿದ್ರು. ಶನಿವಾರ ಹೋಗಿ ನೋಡಬೇಕು.